ನುಡಿಸಲು ಅನುಮತಿ ಇಲ್ಲ

ಈ ಫೈಲನ್ನು ನುಡಿಸಲು ನಿಮಗೆ ಅನುಮತಿ ಇಲ್ಲ ಎಂದು ಲ್ಯಾಪ್‌ಟಾಪ್ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳಿತು. ಪ್ರಸನ್ನಕುಮಾರ 'ಸರಿ' ಎಂಬ ಗುಂಡಿಯನ್ನು ಒತ್ತಿದ. ಬೇರೆ ಗುಂಡಿ ಇರಲಿಲ್ಲ.

"ಎಂತ ಹೇಳ್ತದೆ ಸಾರ್ ಅದು?" ಎಂದ ಮೈಕ್ ಸೆಟ್ಟಿನ ಕಾಂತೇಶ್.

"ಸ್ವಲ್ಪ ಟೈಮ್ ಬೇಕಂತೆ."

ಸುಳ್ಳು. ಎಲೆಯಡಿಕೆ ಹಾಕುವವರ ಬಾಯಿಗೆ ಎಂಜಲು ಬರುವ ಹಾಗೆ ಈಚೆಗೆ ಅವನ ಬಾಯಿಗೆ ಸುಳ್ಳು ತಾನಾಗಿ ಬರುತ್ತಿತ್ತು.

ತಂಗಿ ಕೃತಿಕಾಳ ಮದುವೆ. ಅಪ್ಪ ಇಲ್ಲದ ಮನೆಗೆ ಅವನೇ ಯಜಮಾನ. ಕೊಪ್ಪದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಯಜಮಾನನ ಸೂಕ್ಷ್ಮ ಕಿವಿಗೆ ವಾಲಗದವರ ಅಪಸ್ವರ ಒಗ್ಗುತ್ತಿರಲಿಲ್ಲ. ವಾಲಗ ಬೇಡವೇ ಬೇಡ ಎಂದು ಹಟ ಹಿಡಿದ. ತಿಂಗಳು ತಿಂಗಳು ದುಡ್ಡು ಕಟ್ಟುವ ಒಂದು ಆ್ಯಪಿನಿಂದ ನಾಗಸ್ವರದ ಆಲ್ಬಮ್ ಒಂದನ್ನು ಫೋನಿಗೆ ಇಳಿಸಿಕೊಂಡು, ಆ ಫೈಲುಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬಂದ. ಶುದ್ಧ ನಾದ ಎಂದರೆ ಏನೆಂದು ಮನೆಯವರಿಗೆಲ್ಲ ಭಾಷಣವೂ ಆಗಿತ್ತು. ಒಮ್ಮೆ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಯಾರೂ ನಕಲು ಮಾಡಬಾರದೆಂದು ಆ ಫೈಲುಗಳಿಗೆ ಬೀಗ ಹಾಕಿದ್ದರು. ಅವು ಆ್ಯಪಿನೊಳಗೆ ಮಾತ್ರ ನುಡಿಯುತ್ತವೆ. ಅದೂ ಆಗಾಗ ಇಂಟರ್‌ನೆಟ್ಟಿಗೆ ಹೋಗಿ ಅಪ್ಪಣೆ ಪಡೆದು ಬಂದರೆ. ಬೆಳಿಗ್ಗೆಯೇ ಕರೆಂಟ್ ಹೋಗಿತ್ತು, ಅದರ ಹಿಂದೆಯೇ ಟವರೂ ಹೋಗಿತ್ತು. ಮಂಟಪ ಇದ್ದದ್ದು ಊರ ಹೊರಗೆ, ನರಸಿಂಹರಾಜಪುರದ ರಸ್ತೆಯಲ್ಲಿ. ಜನರೇಟರಿನ ದಯೆಯಿಂದ ಮೈಕು, ಫ್ಯಾನು ನಡೆಯುತ್ತಿದ್ದವು. ಫೋನು ಕೂಡ, ಮೊದಲು ನೆಟ್ಟಿಗೆ ಬನ್ನಿ, ಲೈಸೆನ್ಸ್ ನೋಡಬೇಕು ಎಂದು ಕೂತಿತ್ತು.

"ನಿಮ್ಮ ಹತ್ರ ಗಟ್ಟಿಮೇಳ ಇಲ್ವ ಕಾಂತೇಶ್?"

"ಸಿನಿಮಾ ಹಾಡು ಇದಾವೆ, ಭಕ್ತಿಗೀತೆ ಇದಾವೆ. ಗಟ್ಟಿಮೇಳ ಎಲ್ಲಿ ಸಾರ್? ಎಲ್ಲ ಕಡೆ ವಾಲಗದವ್ರೇ ಬರ್ತಾರಲ."

ಅವ್ವ ಗಂಗಾಂಬಿಕೆ ಕಾಫಿ ಲೋಟ ಹಿಡಿದು ಬಂದಳು. ಹೊಸ ಸೀರೆ ಇನ್ನೂ ಮೈಗೆ ಹೊಂದಿಕೊಂಡಿರಲಿಲ್ಲ.

"ತಿಂಡಿನೂ ತಿಂದಿಲ್ಲ ನೀನು. ಇದನ್ನಾದ್ರೂ ಕುಡಿ." ಆಮೇಲೆ ದನಿ ತಗ್ಗಿಸಿ, "ಪ್ರಸನ್ನ, ಕೃತಿ ನನ್ನ ಹತ್ರ ಮಾತೇ ಆಡ್ತಿಲ್ಲ ಕಣೋ. ಹೂ ಮುಡಿಸಕ್ಕೆ ಹೋದ್ರೆ ಅತ್ತಿಗೆ ಮುಡಿಸ್ಲಿ ಅಂದ್ಲು. ನಾನೆಂತ ಮಾಡಿದೀನಿ ಅವಳಿಗೆ?"

"ಏನೂ ಇಲ್ಲ ಅವ್ವ. ಬಿಟ್ಟು ಹೋಗೋ ಬೇಜಾರು."

"ಬಿಟ್ಟು ಹೋಗೋರು ತಬ್ಬಿಕೊಂಡು ಅಳ್ತಾರಪ್ಪ. ಹಿಂಗೆ ಮುಖ ತಿರುಗಿಸ್ತಾರಾ?"

ಅವನು ಇನ್ನೊಂದು ಫೈಲನ್ನು ಒತ್ತಿದ. ಅದಕ್ಕೂ ಅನುಮತಿ ಇರಲಿಲ್ಲ. ಅವ್ವ ಕಾಫಿ ಲೋಟವನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಹೋದಳು.

ಕೃತಿಕಾ ಶೃಂಗೇರಿಯ ಒಂದು ಶಾಲೆಯಲ್ಲಿ ಟೀಚರ್. ನಿಶ್ಚಿತಾರ್ಥವಾದ ಮೇಲೆ ಒಂದು ಭಾನುವಾರ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಹೇಳಿದ್ದಳು: "ಅವರು ಒಳ್ಳೆಯವರೇ ಅಣ್ಣ. ನನಗೆ ಬೇಡ, ಅಷ್ಟೆ. ಅವ್ವನ ಹತ್ರ ನೀನೇ ಹೇಳು. ನೀನು ಹೇಳಿದ್ರೆ ಕೇಳ್ತಾಳೆ." ಹೇಳುತ್ತೇನೆ ಎಂದ. ಮನೆಗೆ ಬಂದರೆ ಅವ್ವ ಮಂಚದ ತುಂಬ ಸೀರೆ ಹರಡಿಕೊಂಡು, ಅಕ್ಕಪಕ್ಕದವರನ್ನು ಕೂರಿಸಿಕೊಂಡು ನಗುತ್ತಿದ್ದಳು. ಅವನ ನಾಲಿಗೆ ಏಳಲಿಲ್ಲ. ಮರುದಿನ ತಂಗಿಗೆ ಫೋನ್ ಮಾಡಿದ. "ಹೇಳಿದೆ ಕೃತಿ. ಅವ್ವ ಸುತರಾಂ ಒಪ್ಪಲಿಲ್ಲ."

ಫೋನ್ ಇಟ್ಟ ಮೇಲೆ ಅವನಿಗೆ ಎಷ್ಟು ಹಗುರವೆನಿಸಿತೆಂದರೆ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಎಂತ ಮಾರಾಯ, ಇನ್ನೂ ಆಗಿಲ್ವ ನಿಂದು?" ಸೋದರಮಾವ ಸೋಮಶೇಖರಪ್ಪ ಪಂಚೆ ಎತ್ತಿಕೊಂಡು ಬಂದ. ಈ ಸಂಬಂಧ ತಂದವನು ಅವನೇ. "ಬೇರೆ ಎಂತ ಇಲ್ದಿದ್ರೂ ನಡೀತದೆ. ತಾಳಿ ಕಟ್ಟುವಾಗ ಗಟ್ಟಿಮೇಳ ಇಲ್ಲಾಂದ್ರೆ ಹೆಂಗೆ? ಯಾರೋ ಸೀನ್ತಾರೆ, ಯಾವುದೋ ಮಗು ಅಳ್ತದೆ. ಅದೊಂದೂ ಕಿವಿಗೆ ಬೀಳಬಾರ್ದು. ಅದಕ್ಕೇ ಇರದು ಗಟ್ಟಿಮೇಳ."

"ಗೊತ್ತು ಮಾವ."

"ಗೊತ್ತಿದ್ದೇ ಹಿಂಗೆ ಮಾಡಿದ್ಯ? ಭೇಷ್!"

ಪ್ರಸನ್ನಕುಮಾರ ಫೋನನ್ನು ಆರತಿಯ ತಟ್ಟೆಯ ಹಾಗೆ ಎತ್ತಿ ಹಿಡಿದು ಗೇಟಿನವರೆಗೆ ಹೋಗಿ ಬಂದ. ಸಿಗ್ನಲ್ ಇರಲಿಲ್ಲ. ಬರುವಾಗ ಒಂದು ಯೋಚನೆ ತಲೆಗೆ ಹೊಕ್ಕಿತು: ಫೈಲು ತೆರೆಯದೇ ಹೋದರೆ ಮುಹೂರ್ತ ತಪ್ಪೀತು, ಮುಹೂರ್ತ ತಪ್ಪಿದರೆ ಮದುವೆಯೂ ನಿಂತೀತು, ತಾನು ಬಾಯಿ ಬಿಡದೆಯೇ ಎಲ್ಲ ಸರಿಹೋದೀತು. ಥೂ, ಎಂದುಕೊಂಡ. ಆದರೂ ಆ ಯೋಚನೆಯನ್ನು ಆಚೆ ನೂಕಲಿಲ್ಲ.

ಹೆಂಡತಿ ಸುಮನಾ ಎದುರಾದಳು. "ಕೃತಿ ಕರೀತಿದಾಳೆ ಕಣ್ರಿ. ನಿಮ್ಮೊಬ್ಬರನ್ನೇ ಬರಕ್ಕೆ ಹೇಳಿದ್ಲು."

"ಇದೊಂದು ಸರಿ ಮಾಡಿ ಬರ್ತೀನಿ."

"ಅದು ಸರಿ ಹೋಗಲ್ಲ ಅಂತ ನಂಗೇ ಗೊತ್ತಾಗಿದೆ. ಹೋಗ್ರಿ."

ಹೆಣ್ಣಿನ ಕೋಣೆಯಲ್ಲಿ ಕೃತಿಕಾ ಹಣೆಗೆ ಬಾಸಿಂಗ ಕಟ್ಟಿಸಿಕೊಂಡು ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಳು. ಕಣ್ಣು ಒಣಗಿತ್ತು.

"ಅಣ್ಣ, ಅವತ್ತು ಅವ್ವ ಎಂತ ಅಂದ್ಲು? ಸರಿಯಾಗಿ ಹೇಳು."

"ಈಗ್ಯಾಕೆ ಅದೆಲ್ಲ?"

"ಅವಳು ಅಂದ ಹಾಗೇ ಹೇಳು."

ಅವನು ಫೋನನ್ನು ಕಿಟಕಿಯ ಕಡೆ ಹಿಡಿದು ನೋಡಿದ.

"ಮರ್ಯಾದೆ ಪ್ರಶ್ನೆ ಅಂದ್ಲು."

"ಅವ್ವನ ಬಾಯಲ್ಲಿ ಆ ಮಾತು ನಾನು ಕೇಳೇ ಇಲ್ಲ."

"ಸಿಟ್ಟಲ್ಲಿ ಅಂದಿದ್ದು."

"ಸಿಟ್ಟು ಬಂದ್ರೆ ಅವಳು ಮಾತು ಬಿಡ್ತಾಳೆ. ಆಡಲ್ಲ." ಅವಳು ಅವನ ಮುಖವನ್ನೇ ನೋಡಿದಳು. ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದ ಹುಡುಗನನ್ನು ಟೀಚರು ನೋಡುವ ನೋಟ. ಬೈಗುಳ ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಗಟ್ಟಿಮೇಳ ಆಗ್ತಿಲ್ಲ ಕೃತಿ. ನಾನು ಹೋಗ್ಬೇಕು."

"ಹೋಗು. ಅವ್ವನ್ನ ಒಂದು ಗಳಿಗೆ ಕಳಿಸು."

"ಹೂಂ."

ಅವ್ವ ಬಾಗಿಲ ಆಚೆಗೇ, ಗೋಡೆಗೆ ಒರಗಿ ನಿಂತಿದ್ದಳು. "ಎಂತ ಅಂದ್ಲು? ನನ್ನ ಕರೆದ್ಲಾ?"

ಈಗ ಹೇಳಿದರೂ ಆಗುತ್ತಿತ್ತು. ಹೇಳಬೇಕಾಗಿಯೂ ಇರಲಿಲ್ಲ, ಹೂಂ ಎಂದು ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಆದರೆ ಒಳಗೆ ಹೋದ ಅವ್ವ ಹೊರಗೆ ಬರುವಾಗ ಎಲ್ಲ ತಿಳಿದುಕೊಂಡು ಬರುತ್ತಾಳೆ.

"ಇಲ್ಲ ಅವ್ವ. ಸೀರೆ ಸರಿ ಇದ್ಯಾ ಅಂತ ಕೇಳಿದ್ಲು. ನೀನು ನಡಿ, ಬೀಗರು ಕಾಯ್ತಿದಾರೆ."

ಅವ್ವ ಬಾಗಿಲನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೊರಟಳು. ಅವನು ಅವಳ ಹಿಂದೆಯೇ ನಡೆದ. ಅವಳು ತಿರುಗಿ ಹೋಗದ ಹಾಗೆ ಕಾವಲು ಇದ್ದಂತಾಯಿತು.

ಮುಹೂರ್ತ ಬಂತು. ಹುಡುಗ ರಾಜಶೇಖರ್ ನರಸಿಂಹರಾಜಪುರದವನು, ಗೊಬ್ಬರದ ಅಂಗಡಿ ಇಟ್ಟವನು. ಪಾಪ, ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಅಯ್ಯನವರ ಮುಖವನ್ನೇ ನೋಡುತ್ತಿದ್ದ. ಮೈಕಿನ ಮುಂದೆ ಮಂತ್ರ ಹೇಳುತ್ತಿದ್ದ ಅಯ್ಯನವರು ನಿಲ್ಲಿಸಿ ಕೈ ಎತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!" ಎಂದು ಮಾವ ಕೂಗಿದ.

ಪ್ರಸನ್ನಕುಮಾರ ಒತ್ತಿದ. ಅನುಮತಿ ಇಲ್ಲ. ಫೋನಿನಲ್ಲಿ ಒತ್ತಿದ. ಅಲ್ಲೂ ಇಲ್ಲ.

ಮಂಟಪ ಸ್ತಬ್ಧವಾಯಿತು. ಅಕ್ಷತೆ ಹಿಡಿದ ಕೈಗಳು ಎತ್ತಿದಲ್ಲೇ ನಿಂತವು. ಯಾರೂ ಸೀನಲಿಲ್ಲ. ಯಾವ ಮಗುವೂ ಅಳಲಿಲ್ಲ.

"ಬೇಡ ಅವ್ವ."

ಕೃತಿಕಾ ಕೂಗಿ ಹೇಳಿರಲಿಲ್ಲ. ಊಟದಲ್ಲಿ ಇನ್ನೊಂದು ಸೌಟು ಸಾರು ಬಡಿಸಲು ಬಂದವರಿಗೆ ಹೇಳುವ ಹಾಗೆ ಹೇಳಿದ್ದಳು. ಅಯ್ಯನವರ ಮೈಕು ಅದನ್ನು ಎತ್ತಿಕೊಂಡು ಊಟದ ಹಾಲಿನವರೆಗೂ ಮುಟ್ಟಿಸಿತು.

ಅವ್ವ ಮಗಳನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಬಾಯಿ ತೆರೆದಳು.

ಅವನು ಪಕ್ಕದ ಹೆಂಗಸಿನ ಕೈಯಿಂದ ಹರಿವಾಣ ಕಿತ್ತುಕೊಂಡ. ಅಕ್ಷತೆ ಚೆಲ್ಲಿತು. ಬಲಗೈಗೆ ನೀರಿನ ಚೊಂಬು ಸಿಕ್ಕಿತು. ಅದರಿಂದ ಹರಿವಾಣಕ್ಕೆ ಬಡಿದ. ನೀರು ಮುಖಕ್ಕೆ, ರೇಶ್ಮೆ ಶಲ್ಯಕ್ಕೆ, ಲ್ಯಾಪ್‌ಟಾಪಿಗೆ ಎರಚಿತು. ಮತ್ತೆ ಬಡಿದ. ಯಾರೋ ಚಪ್ಪಾಳೆ ಶುರು ಮಾಡಿದರು, ಯಾರೋ ಕುರ್ಚಿ ಕುಟ್ಟಿದರು, ಕಾಂತೇಶ್ ಗಾಬರಿಯಲ್ಲಿ ಯಾವುದೋ ಸಿನಿಮಾ ಹಾಡು ಹಾಕಿದ. ಅಕ್ಷತೆ ಬೀಳತೊಡಗಿತು. ತಾಳಿ ಹಿಡಿದ ಕೈ ಮುಂದೆ ಹೋಯಿತೋ ಹಿಂದೆ ಸರಿಯಿತೋ ಅವನು ನೋಡಲಿಲ್ಲ. ಆ ಕಡೆ ಬೆನ್ನು ಹಾಕಿ ನಿಂತಿದ್ದ.

"ಸಾಕು ಮಾರಾಯ, ಸಾಕು ಬಿಡು," ಎಂದು ಮಾವ ತೋಳು ಹಿಡಿದು ಜಗ್ಗಿದ. ಹಾಡು ನಿಂತಿತು, ಚಪ್ಪಾಳೆ ನಿಂತಿತು. ಅವನು ತೋಳು ಕೊಡವಿಕೊಂಡ.

ಅವ್ವ ಜನರನ್ನು ಸರಿಸಿಕೊಂಡು ಬಂದು ಅವನ ಎದುರಿಗೇ ನಿಂತಳು. ಅವಳ ತುಟಿ ಆಡುತ್ತಿತ್ತು. ಏನೋ ಒಂದನ್ನೇ ತಿರುತಿರುಗಿ ಕೇಳುತ್ತಿದ್ದಳು. ಅವನು ಅವಳ ತುಟಿಯನ್ನೇ ನೋಡುತ್ತ ಇನ್ನೂ ಜೋರಾಗಿ ಬಡಿದ.