ಕೆಂಪು ಕಾರಿನ ಬಾಯಾರಿಕೆ

ಏಳು ಹೊಳೆ ದಾಟಿ, ಏಳು ಟೋಲ್ ಗೇಟು ದಾಟಿ ಹೋದರೆ ಒಂದು ಊರು. ಆ ಊರಿನಲ್ಲಿ ಒಬ್ಬನ ಬಳಿ ಒಂದು ಕೆಂಪು ಕುದುರೆಯಿತ್ತು. ಅದು ಹುಲ್ಲು ಮೂಸುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ, ಆದರೆ ಅದರ ಬಾಯಾರಿಕೆಗೆ ಮಾತ್ರ ಕೊನೆಯಿರಲಿಲ್ಲ. ಎಷ್ಟು ಕುಡಿಸಿದರೂ ಇನ್ನಷ್ಟು ಎನ್ನುತ್ತಿತ್ತು. ಕುದುರೆಯ ಪಾಲನ್ನು ಯಾರೋ ಕದ್ದು ಕುಡಿಯುತ್ತಿದ್ದಾರೆ ಎಂದು ಮನೆಯವರಿಗೆ ಗುಮಾನಿ ಹುಟ್ಟಿತು. ಒಬ್ಬೊಬ್ಬರ ಗುಮಾನಿ ಒಬ್ಬೊಬ್ಬರ ಮೇಲೆ.

ನನ್ನ ಅಜ್ಜಿ ರತ್ನಮ್ಮ ಹೇಳಿದ್ದರೆ ಹೀಗೇ ಶುರುಮಾಡುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಬೆಳೆದ ನನಗೂ ಬೇರೆ ಥರ ಶುರುಮಾಡಲು ಬರುವುದಿಲ್ಲ. ಊರು ವಡೋದರಾ. ಕುದುರೆಯ ಒಡೆಯ ನನ್ನ ಚಿಕ್ಕಪ್ಪ ಹರಿಪ್ರಸಾದ, ವಿಮಾ ಕಂಪನಿಯ ಅಧಿಕಾರಿ. ಕುದುರೆಯೆಂದರೆ ಎರಡೇ ಸೀಟಿನ, ಗುಂಡಿ ಒತ್ತಿದರೆ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗುವ ಕೆಂಪು ಸ್ಪೋರ್ಟ್ಸ್ ಕಾರು. ಯಾರೋ ಡಾಕ್ಟರರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು.

ಕೊಂಡ ವಾರವೇ ಚಿಕ್ಕಪ್ಪ ಅದನ್ನು ಅಹಮದಾಬಾದಿನ ಮಣಿನಗರಕ್ಕೆ ತಂದರು. ಅಲ್ಲಿ ನನ್ನ ಅಪ್ಪನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಜ್ಜಿ ಇರುವುದು. ಅಜ್ಜಿ ಕಾರನ್ನು ಒಂದು ಸುತ್ತು ಹಾಕಿ ನೋಡಿದಳು.

"ಇದಕ್ಕೆ ತಲೇನೇ ಇಲ್ವಲ್ಲೋ ಹರೀ?"

"ಬೇಕಾದಾಗ ಬರುತ್ತಮ್ಮ. ಒಂದಿನ ತಲೆ ತೆಗೆದು ನಿನ್ನ ಸೂರತ್ತಿಗೆ ಕರ್ಕೊಂಡು ಹೋಗ್ತೀನಿ. ತಾಪಿ ಸೇತುವೆ ಮೇಲೆ ಗಾಳಿ ಕುಡ್ಕೊಂಡು ಹೋಗೋಣ. ಪ್ರಾರ್ಥನಾ ಮನೇನೂ ನೋಡಿದ ಹಾಗಾಗುತ್ತೆ." ಪ್ರಾರ್ಥನಾ ಎಂದರೆ ನಾನು; ಇರುವುದು ಸೂರತ್ತಿನಲ್ಲಿ.

"ಮಾತು ತಾನೆ?"

"ಮಾತು."

ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವನು ಅದನ್ನು ನಡೆಸದೆ ಸಾಯುವ ಹಾಗೂ ಇಲ್ಲ. ಅವತ್ತಿನಿಂದ ಅವಳು ಪ್ರತಿ ಫೋನಿನಲ್ಲೂ ಕೇಳುತ್ತಿದ್ದದ್ದು ಒಂದೇ: "ಹರಿ ಯಾವತ್ತು ಬರ್ತಾನಂತೆ?"

ಹರಿ ಬರುವ ಹಾಗಿರಲಿಲ್ಲ. ವಿಮಲಾ ಚಿಕ್ಕಮ್ಮ ಅಡ್ಡ ನಿಂತಿದ್ದರು.

"ಲೀಟರಿಗೆ ಎಂಟು ಕೊಡ್ತಿದೆ ರೀ, ಎಂಟು! ಲಾರಿ ವಾಸಿ. ಹನ್ನೆರಡು ಕೊಡೋ ಹಾಗೆ ಮಾಡಿ, ಇಟ್ಕೊಳ್ಳಿ. ಇಲ್ದಿದ್ರೆ ಲಾಭ ಪಂಚಮಿಗೆ ಬ್ರೋಕರ್ ಬರ್ತಾನೆ, ಕೀ ಕೊಟ್ಬಿಡಿ. ಅಲ್ಲೀವರೆಗೂ ಅತ್ತೇನ ಅದರಲ್ಲಿ ಕೂರಿಸೋ ಹಾಗಿಲ್ಲ. ಪೆಟ್ರೋಲ್ ಮುಗಿದು ಅವರು ಹೈವೇಲಿ ನಿಲ್ಲೋದು ನಾನು ನೋಡಲಾರೆ."

ಈ ಕಡೆ ದೀಪಾವಳಿಗೆ ಮುಚ್ಚಿದ ಅಂಗಡಿಗಳು ತೆರೆಯುವುದು ಲಾಭ ಪಂಚಮಿಯಂದು. ಆ ದಿನದ ಮೊದಲ ವ್ಯಾಪಾರವನ್ನು ಯಾರೂ ತಪ್ಪಿಸುವುದಿಲ್ಲ. ಬ್ರೋಕರ್ ಬಂದೇ ಬರುತ್ತಾನೆ ಎಂದು ಚಿಕ್ಕಪ್ಪನಿಗೂ ಗೊತ್ತಿತ್ತು.

ಅವರು ತಪಸ್ಸಿಗೆ ಕುಳಿತವರಂತೆ ಕುಳಿತರು. ಟೈರಿಗೆ ಗಾಳಿಯನ್ನು ತಾವೇ ಅಳೆದು ಹಾಕಿದರು. ತಿಪಟೂರಿನಿಂದ ರೈಲಿನಲ್ಲಿ ಬಂದು ಡಿಕ್ಕಿಯಲ್ಲೇ ಉಳಿದಿದ್ದ ತೆಂಗಿನಕಾಯಿ ಮೂಟೆಯನ್ನು ಇಳಿಸಿದರು. ಏಸಿ ಹಾಕಲಿಲ್ಲ, ಛಾವಣಿ ತೆಗೆಯಲಿಲ್ಲ. ಹಾರಬೇಕಾದ ಕಾರನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಓಡಿಸಿದರು. ಮದುವೆಯ ಬ್ಯಾಂಡಿನವರನ್ನು ತುಂಬಿಕೊಂಡ ಟೆಂಪೋ ಒಂದು ಅವರನ್ನು ಹಿಂದೆ ಹಾಕಿ ಹೋಯಿತಂತೆ. ಬ್ಯಾಂಡಿನವನೊಬ್ಬ ಕಹಳೆ ಊದಿ ಟಾಟಾ ಮಾಡಿದನಂತೆ.

ಇಷ್ಟಾದ ಮೇಲೆ ಮೈಲೇಜು ಏಳಕ್ಕೆ ಇಳಿಯಿತು.

ಗುಮಾನಿ ಹೊಗೆಯಾಡಿದ್ದು ಆಗ. ಚಿಕ್ಕಪ್ಪನಿಗೆ ಪೆಟ್ರೋಲ್ ಬಂಕಿನವರ ಮೇಲೆ; ವಾರಕ್ಕೊಂದು ಬಂಕು ಬದಲಾಯಿಸಿದರು. ಗ್ಯಾರೇಜಿನ ಕಿಶೋರ್‌ಭಾಯಿಗೆ ಚಿಕ್ಕಪ್ಪ ಆಕ್ಸಿಲರೇಟರ್ ತುಳಿಯುವ ಬಲಗಾಲಿನ ಮೇಲೆ. ಅಜ್ಜಿಗೆ ಕಣ್ಣುದೃಷ್ಟಿಯ ಮೇಲೆ. ಇನ್ನು ಚಿಕ್ಕಮ್ಮ ಒಂದು ದಿನ ನನಗೇ ಫೋನ್ ಮಾಡಿದರು.

"ಪ್ರಾರ್ಥನಾ, ನಿನ್ನ ಚಿಕ್ಕಪ್ಪ ಶನಿವಾರ ಶನಿವಾರ ಸೂರತ್ತಿಗೆ ಬರ್ತಾರಲ್ಲ, ನೇರ ಬರ್ತಾರಾ?"

"ಇಲ್ಲಿ ಉಧ್ನಾದಲ್ಲಿ ವಿಮೆ ಮಾಡಿಸಿರೋ ಮಿಲ್ ನೋಡೋಕೆ ಬರ್ತಾರೆ ಚಿಕ್ಕಮ್ಮ. ನೇರ ಅಲ್ದೆ ಮತ್ತೆ?"

"ಗಾಡಿ ನೇರ ಹೋದ್ರೆ ಪೆಟ್ರೋಲ್ ಯಾಕೆ ಡೊಂಕಾಗಿ ಹೋಗುತ್ತೆ? ನೀನು ಒಂದ್ಸಲ ಜೊತೇಲಿ ಕೂತ್ಕೊಂಡು ಬಾ. ನಾನು ಹೇಳ್ದೆ ಅನ್ಬೇಡ."

ನನ್ನ ಕೆಲಸವೂ ಉಧ್ನಾದಲ್ಲೇ, ಸೀರೆಗೆ ಬಣ್ಣದ ನಕ್ಷೆ ಬರೆಯುವುದು. ಮನೆ ತಾಪಿ ಹೊಳೆಯಾಚೆ ಅಡಾಜಣ್‌ನಲ್ಲಿ, ಬಾಡಿಗೆ ಫ್ಲ್ಯಾಟು. ಹಾಗಾಗಿ ನೆಪ ಹುಡುಕುವುದು ಕಷ್ಟವಾಗಲಿಲ್ಲ. ಶುಕ್ರವಾರ ರಜೆ ಹಾಕಿ ವಡೋದರೆಗೆ ಹೋದೆ.

ನನ್ನ ಗುಮಾನಿ ಬೇರೆಯಿತ್ತು. ಕಾರಿನ ಇನ್ನೊಂದು ಬೀಗದ ಕೈ ಕಿಶೋರ್‌ಭಾಯಿಯ ಹತ್ತಿರ ಇರುತ್ತಿತ್ತು. ಸರ್ವಿಸಿಗೆ ಬಿಟ್ಟಾಗಲೆಲ್ಲ ಇಡೀ ದಿನ ಕಾರು ಅವರ ಅಂಗಳದಲ್ಲೇ. ಚಿಕ್ಕಪ್ಪನ ಜೊತೆ ಗ್ಯಾರೇಜಿಗೆ ಹೋದಾಗ ಅವರು ನನಗೆ ಚಹಾ ಕೊಟ್ಟರು. ಲೋಟ ಕೊಟ್ಟ ಕೈ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಸಿಕ್ಕಿಬಿದ್ದ ಎಂದುಕೊಂಡೆ. ಮೆಕ್ಯಾನಿಕ್ಕಿನ ಕೈ ಮಲ್ಲಿಗೆ ಘಮಘಮಿಸುತ್ತದೆಯೇ ಎಂದು ನನಗೆ ಹೊಳೆಯಲೇ ಇಲ್ಲ.

"ಪ್ಲಗ್ ಹೊಸದು, ಫಿಲ್ಟರ್ ಹೊಸದು," ಎಂದರು ಕಿಶೋರ್‌ಭಾಯಿ ಹಿಂದಿಯಲ್ಲಿ, ಚಿಕ್ಕಪ್ಪನ ಚಪ್ಪಲಿಯನ್ನು ಓರೆಗಣ್ಣಿನಿಂದ ನೋಡುತ್ತ. "ಇನ್ನು ಕಾಲೇ ಬದಲಾಯಿಸಬೇಕು, ಸಾಹೇಬ್."

"ಕಾಲಿಗೆ ಹೇಳೋರು ಕೈಗೆ ಹೇಳ್ಕೊಳ್ಳಲಿ," ಎಂದು ಚಿಕ್ಕಪ್ಪ ಕನ್ನಡದಲ್ಲಿ ಗೊಣಗಿದರು. ಅಂದರೆ ಅವರಿಗೂ ಸ್ವಲ್ಪ ಅನುಮಾನ ಇತ್ತು! ನನಗೆ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಹೊರಟೆವು. ಊರಾಚೆಯ ಬಂಕಿನಲ್ಲಿ ಚಿಕ್ಕಪ್ಪ ಕಾರಿಳಿದು ಮೀಟರಿನ ಎದುರು ನಿಂತರು. "ಝೀರೋ ನೋಡು, ಪ್ರಾರ್ಥನಾ. ನೀನೇ ಸಾಕ್ಷಿ." ನಾನೂ ಇಳಿದು ನೋಡಿದೆ. ಝೀರೋ ಇತ್ತು. ಪೆಟ್ರೋಲ್ ಇಳಿಯಿತು, ಪೈಪು ಟಕ್ಕೆಂದು ತಾನೇ ನಿಂತಿತು.

"ಇನ್ನೂ ಹಾಕು, ಭಾಯ್," ಎಂದರು ಚಿಕ್ಕಪ್ಪ.

"ಫುಲ್ ಆಯಿತಲ್ಲ, ಕಾಕಾ."

"ಅದು ನಿನ್ನ ಪೈಪಿನ ಫುಲ್. ನನ್ನ ಫುಲ್ ಇನ್ನೂ ಇದೆ."

ಮತ್ತೆ ಟಕ್. ಮತ್ತೆ ಸ್ವಲ್ಪ. ಆಮೇಲೆ ಚಿಕ್ಕಪ್ಪ ಕಾರಿನ ಹಿಂಬದಿಗೆ ಎರಡೂ ಕೈ ಕೊಟ್ಟು ಅದನ್ನು ಕುಲುಕಿದರು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಗುಳುಗುಳು ಎಂದು ಒಳಗೆ ಪೆಟ್ರೋಲ್ ಕುಳಿತುಕೊಂಡಿತು. ಪೈಪು ಎತ್ತಿ ಹಿಡಿದು ಕತ್ತಿನವರೆಗೆ ತುಂಬಿಸಿಕೊಂಡ ಮೇಲೆಯೇ ಅವರಿಗೆ ಸಮಾಧಾನ.

ಅವರು ಕುಲುಕಿದ ರೀತಿ ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಎಂದು ನೆನಪಾಗಲಿಲ್ಲ.

ದಾರಿಯುದ್ದಕ್ಕೂ ಪೆಟ್ರೋಲ್ ವಾಸನೆ.

"ಚಿಕ್ಕಪ್ಪ, ವಾಸನೆ ಬರ್ತಿಲ್ವಾ?"

"ಪಕ್ಕದ ಟ್ಯಾಂಕರ್‌ದು."

ಟ್ಯಾಂಕರ್ ಹಿಂದೆ ಉಳಿಯಿತು. ವಾಸನೆ ಉಳಿಯಲಿಲ್ಲ, ನಮ್ಮ ಜೊತೆಗೇ ಬಂತು. ಚಿಕ್ಕಪ್ಪ ಎಲ್ಲೂ ಡೊಂಕು ಹೊಡೆಯಲಿಲ್ಲ, ಯಾರ ಮನೆಗೂ ತಿರುಗಲಿಲ್ಲ. ಚಿಕ್ಕಮ್ಮನ ಗುಮಾನಿ ನರ್ಮದಾ ಸೇತುವೆಗೆ ಬರುವ ಹೊತ್ತಿಗೆ ನೀರಿಗೆ ಬಿತ್ತು. ಹೊಳೆಯ ಬಿಳುಪು ನೋಡುತ್ತ ನನಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಅಜ್ಜಿ ಬಂದಳು. ಪಡಸಾಲೆಯಲ್ಲಿ ಕೂತು ಹುರುಳಿ ಅಳೆಯುತ್ತಿದ್ದಳು. ಸೇರು ತುಂಬಿದ ಮೇಲೆ ಅದನ್ನು ಹಿಡಿದು ಕುಲುಕುತ್ತಾಳೆ. ಎಡಕ್ಕೆ, ಬಲಕ್ಕೆ, ಎಡಕ್ಕೆ. ಕಾಳು ಕುಳಿತ ಜಾಗಕ್ಕೆ ಇನ್ನೊಂದು ಹಿಡಿ. ಅದರ ಮೇಲೆ ಗೋಪುರ ಏಳುವ ಹಾಗೆ ಮತ್ತೊಂದು. ಗೋಪುರದಿಂದ ಜಾರಿದ ಕಾಳೆಲ್ಲ ಸರಸರ ಎಂದು ಕೆಳಗಿನ ಮೊರಕ್ಕೆ.

ಎಚ್ಚರವಾಯಿತು.

"ಚಿಕ್ಕಪ್ಪ, ಮೊರ ಎಲ್ಲಿದೆ?"

"ಯಾವ ಮೊರ?"

"ಕಾರಿನದು."

"ನಿದ್ದೆ ಮಾಡು ತಾಯಿ."

"ಅಲ್ಲ, ಅಜ್ಜಿ ಥರ ಗೋಪುರ ಕಟ್ಟಿ ಅಳೆಸ್ತೀರಲ್ಲ. ಜಾರಿದ ಕಾಳಿಗೆ ಮೊರ ಇರುತ್ತೆ. ಜಾರಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತೆ?"

ಅವರು ನಗಲು ಬಾಯಿ ತೆರೆದವರು ಗಾಳಿ ಮೂಸಿದರು. ಸ್ವಲ್ಪ ಮುಂದೆ ರಸ್ತೆ ಬದಿಗೆ ಕಾರು ನಿಲ್ಲಿಸಿದರು. ಇಬ್ಬರೂ ಇಳಿದು ಹಿಂದಿನ ಚಕ್ರದ ಹತ್ತಿರ ಮೂಗು ಇಟ್ಟೆವು. ಲಾರಿಯವರು ನಮ್ಮನ್ನು ನೋಡಿ ಏನಂದುಕೊಂಡರೋ. ವಾಸನೆ ಅಲ್ಲಿಂದಲೇ ಬರುತ್ತಿತ್ತು.

ಚಿಕ್ಕಪ್ಪ ವಡೋದರೆಗೆ ವಾಪಸಾದವರೇ ಕಾರನ್ನು ಗ್ಯಾರೇಜಿಗೆ ಒಯ್ದರು. ನನ್ನನ್ನು ವಿಡಿಯೋ ಕಾಲಿನಲ್ಲಿ ಹಿಡಿದುಕೊಂಡೇ ನಿಂತರು. ಕಿಶೋರ್‌ಭಾಯಿ ಹಿಂದಿನ ಚಕ್ರದ ಒಳಗಿನಿಂದ ಒಂದು ಕರಿ ಡಬ್ಬಿ ಬಿಚ್ಚಿ ತಂದರು. ಟ್ಯಾಂಕಿನಿಂದ ಏಳುವ ಹಬೆಯನ್ನು ಹೀರಿಟ್ಟುಕೊಂಡು ಆಮೇಲೆ ಎಂಜಿನ್ನಿಗೆ ಕೊಡುವ ಇದ್ದಿಲಿನ ಡಬ್ಬಿಯಂತೆ ಅದು. ಅದರಲ್ಲಿ ಇರಬೇಕಾದ್ದು ಬರೀ ಹಬೆ. ಬಗ್ಗಿಸಿದರೆ ಪೆಟ್ರೋಲ್ ತೊಟ್ಟಿಕ್ಕಿತು. ಟ್ಯಾಂಕು ಮಿತಿ ಮೀರಿ ತುಂಬಿದಾಗಲೆಲ್ಲ ಹೆಚ್ಚಿನದು ಅಲ್ಲಿಗೆ ಇಳಿದು, ಅಲ್ಲಿಂದ ಹಸಿಹಸಿಯಾಗಿ ಎಂಜಿನ್ನಿಗೆ ಹೋಗಿ ದಂಡವಾಗಿ ಉರಿಯುತ್ತಿತ್ತು.

"ನಾನು ಕೇಳಿದ್ದೆ, ಸಾಹೇಬ್," ಎಂದರು ಕಿಶೋರ್‌ಭಾಯಿ. "ಫುಲ್ ಅಂದರೆ ಎಷ್ಟು ಫುಲ್ ಅಂತ. ಫುಲ್ ಅಂದರೆ ಫುಲ್ ಅಂದಿರಿ. ನಾನು ಆಮೇಲೆ ನಿಮ್ಮ ಕಾಲಿನ ಹಿಂದೆ ಬಿದ್ದೆ."

"ನಾನು ನಿಮ್ಮ ಕೈಯ ಹಿಂದೆ," ಎಂದೆ ನಾನು ಫೋನಿನಿಂದ. ಅವರಿಗೆ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

ಸುದ್ದಿ ಮಣಿನಗರಕ್ಕೆ ತಲುಪಿತು. ಚಿಕ್ಕಪ್ಪ ಫೋನಿನಲ್ಲಿ ತಾಯಿಯ ಮೇಲೇ ತಪ್ಪು ಹೊರಿಸಿದರು. "ನೀನೇ ಕಲಿಸಿದ್ದಲ್ವಾ? ಸಮಕ್ಕೆ ಅಳೆದ್ರೆ ನಮ್ಮನೆ ಮರ್ಯಾದೆ ಹೋಗುತ್ತೆ, ಕುಲುಕು, ಗೋಪುರ ಕಟ್ಟು ಅಂತ?"

ಅಜ್ಜಿಯ ದನಿ ಸ್ಪೀಕರಿನಲ್ಲಿ ಒಡೆದುಕೊಂಡು ಬಂತು. "ಲೋ, ಗೋಪುರ ಕಟ್ಟೋದು ಬೇರೆಯವರಿಗೆ ಕೊಡೋವಾಗ ಕಣೋ! ತಗೊಳ್ಳೋವಾಗ ಸೇರು ಕುಲುಕು ಅಂತ ಯಾವತ್ತು ಹೇಳಿಕೊಟ್ಟೆ ನಿಂಗೆ?"

ಚಿಕ್ಕಪ್ಪ ಫೋನಿಟ್ಟು ಹೊಸ ಡಬ್ಬಿ ತರಿಸಲು ಹೇಳಿದರು.

ಮುಂಬೈಯಿಂದ ಹೊಸ ಡಬ್ಬಿ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಲಾಭ ಪಂಚಮಿಗೆ ಮಧ್ಯೆ ಒಂದೇ ಹಗಲು ಉಳಿದಿತ್ತು. ಚಿಕ್ಕಮ್ಮ ಇದ್ದಿಲಿನ ಕಥೆಯನ್ನು ನಂಬಲಿಲ್ಲ. "ನಾಳೆ ಮಣಿನಗರದಿಂದ ಅಡಾಜಣ್‌ಗೆ ಓಡ್ಸಿ. ಹೊರಡೋವಾಗ ಟಕ್ ಅನ್ನೋವರೆಗೆ ತುಂಬ್ಸಿ, ಮುಟ್ಟಿದ ಮೇಲೂ ಟಕ್ ಅನ್ನೋವರೆಗೆ. ಲೆಕ್ಕ ನಾನು ಮಾಡ್ತೀನಿ. ಆದ್ರೆ ಮಧ್ಯೆ ನೀವು ಎಲ್ಲಾದ್ರೂ ಕದ್ದು ಹಾಕಿಸ್ಕೊಂಡ್ರೆ?"

"ಸಾಕ್ಷಿ ಇಟ್ಕೊ."

"ಇರೋದು ಎರಡೇ ಸೀಟು. ನಾನು ಕೂತ್ರೆ ನೀವು ಮಾತಲ್ಲೇ ಮರುಳು ಮಾಡ್ತೀರಿ. ಪ್ರಾರ್ಥನಾ ನಿಮ್ಮ ಪಾರ್ಟಿ." ಯೋಚಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಅಂದರು: "ಸುಳ್ಳು ಹೇಳದೋರು ಅಂದ್ರೆ ಅತ್ತೆ ಒಬ್ರೇ. ಅವರೇ ಕೂರ್ಲಿ."

ಹಾಗೆ ಅಜ್ಜಿ ಕೆಂಪು ಕಾರು ಹತ್ತಿದಳು, ಸವಾರಿಗಲ್ಲ, ಕಾವಲಿಗೆ. ಛಾವಣಿ ತೆಗೆದರೆ ಗಾಳಿ ತಡೆದು ಮೈಲೇಜು ಹೋಗುತ್ತದೆಂದು ಅದು ಮುಚ್ಚಿಯೇ ಇತ್ತು. ಚಿಕ್ಕಮ್ಮ ರೈಲಿನಲ್ಲಿ ಮೊದಲೇ ಸೂರತ್ತಿಗೆ ಬಂದು, ನನ್ನನ್ನು ಎಳೆದುಕೊಂಡು ಅಡಾಜಣ್‌ನ ಬಂಕಿನಲ್ಲಿ ನಿಂತರು.

ಮಧ್ಯಾಹ್ನ ಇಳಿದ ಮೇಲೆ ಕಾರು ಬಂತು. ಕಿಟಕಿಯಿಂದ ಅಜ್ಜಿಯ ಸಿಡಿಮಿಡಿ ಮುಖ.

"ಅತ್ತೆ, ಎಲ್ಲಾದ್ರೂ ನಿಲ್ಲಿಸಿದ್ರಾ?"

"ಭರೂಚ್ ಹತ್ರ ಉಪ್ಪುಗಡಲೆಕಾಯಿ ತಗೊಂಡ. ನಂಗೆ ಕೊಟ್ಟ. ಕುದುರೆಗೆ ಏನೂ ಕೊಡ್ಲಿಲ್ಲ. ಇದೇನೇ ವಿಮಲಾ, ಡಬ್ಬೀಲಿ ಹಪ್ಪಳ ಇಟ್ಟ ಹಾಗೆ ತಂದ ನನ್ನ! ಗಾಳಿ ಎಲ್ಲಿ? ಇದಕ್ಕಾ ಮಾತು ಕೊಟ್ಟಿದ್ದು?"

ಚಿಕ್ಕಮ್ಮ ಮೀಟರಿನ ಎದುರು ನಿಂತರು. ಪೈಪು ಒಳಗೆ ಹೋಯಿತು. ಅಂಕಿಗಳು ಓಡಿದವು. ಚಿಕ್ಕಪ್ಪನ ಹಣೆಯಲ್ಲಿ ಬೆವರು. ಟಕ್.

ಅವರ ಕೈ ತಾನಾಗಿಯೇ ಕಾರಿನ ಬೆನ್ನಿಗೆ ಹೋಯಿತು.

"ಕೈ ತೆಗಿಯೋ!" ಎಂದಳು ಅಜ್ಜಿ ಒಳಗಿನಿಂದ.

ಕೈ ಜೇಬಿಗೆ ಹೋಯಿತು. ಚಿಕ್ಕಮ್ಮ ಫೋನಿನಲ್ಲಿ ಭಾಗಿಸಿದರು. ಅಳಿಸಿ ಮತ್ತೆ ಭಾಗಿಸಿದರು. ಬಂಕಿನವನನ್ನು ಮೇಲಿಂದ ಕೆಳಗೆ ನೋಡಿದರು.

"ಹದಿಮೂರು ಚಿಲ್ಲರೆ," ಎಂದರು. "ಈ ಬಂಕಿನ ಮೇಲೇ ನಂಗೆ ಗುಮಾನಿ."

ಆದರೂ ಪಕ್ಕಕ್ಕೆ ಹೋಗಿ ಬ್ರೋಕರಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದು ಗುಜರಾತಿಯಲ್ಲಿ ಎರಡು ಸಲ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಚಿಕ್ಕಪ್ಪನೂ ಕೇಳಿಸಿಕೊಂಡರು.

ಆಮೇಲೆ ಒಳಗೆ ಕೂತು ಗುಂಡಿ ಒತ್ತಿದರು. ಛಾವಣಿ ಎರಡಾಗಿ ಮಡಚಿ, ಮೇಲೆದ್ದು, ಹಿಂದೆ ಹೋಗಿ ಮಲಗಿತು. ಅಜ್ಜಿ ಕತ್ತೆತ್ತಿ ಆಕಾಶ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದು ಗಲ್ಲದ ಕೆಳಗೆ ಗಂಟು ಹಾಕಿಕೊಂಡಳು.

ನಾನು ಚಿಕ್ಕಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಾಪಿ ಸೇತುವೆಯ ಕಡೆ ಹೊರಟೆ. ಸೇತುವೆ ಹತ್ತುವಾಗ ಕೆಂಪು ಕಾರು ನಮ್ಮನ್ನು ದಾಟಿತು, ಈ ಸಲ ಮೊಟ್ಟೆ ತುಳಿದಂತಲ್ಲ. ಕೆಳಗೆ ತಾಪಿ ತಾಮ್ರದ ಹರಿವಾಣದ ಹಾಗೆ ಬೆಳಗುತ್ತಿತ್ತು.

"ಹನ್ನೆರಡಕ್ಕೆ ಇಳೀತು ನೋಡು," ಎಂದರು ಚಿಕ್ಕಮ್ಮ ನನ್ನ ಬೆನ್ನ ಹಿಂದೆ.

ಮುಂದೆ, ಗಾಜಿನ ಮೇಲಿನಿಂದ ಅಜ್ಜಿಯ ಎರಡೂ ಕೈ ಗಾಳಿಗೆ ಎದ್ದವು. ಸೇತುವೆಯ ಆ ತುದಿ ಮುಟ್ಟುವವರೆಗೂ ಅವು ಇಳಿಯಲಿಲ್ಲ.