ಬರಿಯ ಅಂಚು

"ಚಿನ್ನದ ಚೌಕಟ್ಟು ಬೇಡ ಅನ್ನೋರು ಕೈ ಎತ್ತಿ," ಎಂದ ಗಡ್ಡದವನು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಅವಳ ಕೈ. ಎತ್ತಿದ ಮೇಲೆ ಅಪ್ಪನ ನೆನಪಾಯಿತು. ಇಳಿಸುವುದು ಹೇಗೆಂದು ತಿಳಿಯದೆ ಆ ಕೈಯಿಂದಲೇ ಕೂದಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಗಡ್ಡದವನ ಎಣಿಕೆ ಮುಗಿದಿತ್ತು.

ಅವರೆಲ್ಲ ಸೇರಿದ್ದು ಮುಚ್ಚಿಹೋದ ಹಾಸಿಗೆ ಅಂಗಡಿಯೊಂದರ ಮಹಡಿಯಲ್ಲಿ. ಗೋಡೆಗೆ ಸುಣ್ಣ ಬಳಿದು ನೆಲ ತೊಳೆದಿದ್ದರೂ ಎಲ್ಲಿಂದಲೋ ಹತ್ತಿ ಹಾರಿಬಂದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತಿತ್ತು. ಊರಿನ ಕಲಾಮಂದಿರದ ವಾರ್ಷಿಕ ಪ್ರದರ್ಶನಕ್ಕೆ ಇವರು ಕಳಿಸಿದ ಚಿತ್ರಗಳು ಪ್ರತಿ ವರ್ಷವೂ ಹೋದ ದಾರಿಯಲ್ಲೇ ವಾಪಸು ಬರುತ್ತಿದ್ದವು. 'ಇವು ಮುಗಿದಿಲ್ಲ, ಮುಗಿಸಿಕೊಂಡು ಬನ್ನಿ' ಎಂದು ಅಲ್ಲಿನ ಹಿರಿಯರ ಅಪ್ಪಣೆ. ಕಾದು ಕಾದು ಸಾಕಾಗಿ ಈ ಸಲ ತಾವೇ ಒಂದು ಪ್ರದರ್ಶನ ಮಾಡುವುದೆಂದು ಹೊರಟಿದ್ದರು. ಆರಿಸುವವರು ಬೇಡ, ಬಹುಮಾನ ಬೇಡ, ಯಾರ ಚಿತ್ರ ಎಲ್ಲಿ ಎಂಬುದಕ್ಕೆ ಚೀಟಿ ಎತ್ತುವುದು. ಇಷ್ಟೂ ಜಗಳವಿಲ್ಲದೆ ತೀರ್ಮಾನವಾಗಿತ್ತು. ಚಿತ್ರಗಾರರ ಮಟ್ಟಿಗೆ ಅದೇ ಒಂದು ಪವಾಡ. ಈಗ ಚೌಕಟ್ಟಿನ ಮಾತೂ ಮುಗಿಯಿತು. "ಚಿನ್ನ ನೋಡಬೇಕಾದೋರು ಬಂಗಾರದಂಗಡಿಗೆ ಹೋಗ್ಲಿ," ಎಂದು ಗಡ್ಡದವನು ನಕ್ಕ. ಅವಳೂ ನಕ್ಕಳು, ಆದರೆ ತಲೆ ತಗ್ಗಿಸಿಕೊಂಡು.

ಯಾಕೆಂದರೆ ಕಲಾಮಂದಿರದ ಗೋಡೆಯ ಮೇಲಿನ ಚಿನ್ನ ಬಹುಪಾಲು ಅವಳ ಅಪ್ಪನ ಕೈಯಿಂದ ಬಂದದ್ದು. ಮರದ ಚೌಕಟ್ಟಿಗೆ ಸೀಮೆಸುಣ್ಣದ ಲೇಪ ಕೊಟ್ಟು, ಅದರ ಮೇಲೆ ಕೆಮ್ಮಣ್ಣು ಸವರಿ, ಕೊನೆಗೆ ಚಿನ್ನದ ರೇಕು ಕೂರಿಸುವುದು ಅವನ ಕಸುಬು. 'ನಿನ್ನ ಚಿತ್ರ ಮೊದಲ ಸಲ ಗೋಡೆ ಹತ್ತುವಾಗ ಚೌಕಟ್ಟು ನನ್ನದು' ಎಂದು ಅವಳು ಲಂಗ ತೊಡುವ ವಯಸ್ಸಿನಲ್ಲೇ ಮಾತು ಕೊಟ್ಟಿದ್ದ. ಪ್ರದರ್ಶನದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬೇರೆ ಕೆಲಸ ಬದಿಗಿಟ್ಟು ಚೌಕಟ್ಟಿಗೆ ಕೂತುಬಿಟ್ಟಿದ್ದ.

ಅಳತೆ ತೆಗೆದ ದಿನವೇ ಅವಳಿಗೆ ನೋವಾಗಿತ್ತು. ಅಪ್ಪ ಅವಳ ಚಿತ್ರವನ್ನು ಎಲ್ಲರ ಚಿತ್ರದಂತೆಯೇ ಮೇಜಿನ ಮೇಲೆ ಬೋರಲು ಹಾಕಿ, ಬೆನ್ನ ಕಡೆಯಿಂದ ಅಳೆದು, ಬೋರಲಾಗಿಯೇ ವಾಪಸು ಕೊಟ್ಟ. ಏನು ಬರೆದಿದ್ದೀ ಎಂದು ಕೇಳಲಿಲ್ಲ. ಅವನು ಚಿತ್ರ ನೋಡುವವನೇ ಅಲ್ಲ, ಅಂಚು ನೋಡುವವನು. ಒಮ್ಮೆ ಸಾವಿನ ಮನೆಯಲ್ಲಿ ಎಲ್ಲರೂ ಸತ್ತವರ ಪಟದ ಮುಂದೆ ಅಳುತ್ತಿದ್ದಾಗ, "ಈ ಮೂಲೆ ಬಾಯಿ ಬಿಟ್ಟಿದೆಯಲ್ಲಾ, ಯಾರು ಹೊಡೆದದ್ದು?" ಎಂದು ಕೇಳಿ ಅತ್ತೆಯಿಂದ ಚೆನ್ನಾಗಿ ಉಗಿಸಿಕೊಂಡಿದ್ದ. ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದು, ಮನೆಯನ್ನೂ ಅಣ್ಣನನ್ನೂ ಒಟ್ಟಿಗೆ ಆಳುತ್ತಿದ್ದವಳು.

ಅಪ್ಪನಿಗೆ ವಿಷಯ ಹೇಳುವುದಕ್ಕೆ ಅವಳು ಹಳೆಯ ಉಪಾಯವನ್ನೇ ಹಿಡಿದಳು. ಚಿನ್ನದ ರೇಕು ಎಷ್ಟು ತೆಳು ಎಂದರೆ ಪಕ್ಕದಲ್ಲಿ ಯಾರಾದರೂ ನಕ್ಕರೂ ಸಾಕು, ಹಾರಿಹೋಗುತ್ತದೆ. ಅಪ್ಪ ಕಿಟಕಿ ಮುಚ್ಚಿ, ಅಗಲ ಕುಂಚವನ್ನು ಕೆನ್ನೆಗೆ ಒಮ್ಮೆ ಸವರಿಕೊಳ್ಳುತ್ತಿದ್ದ. ಕೆನ್ನೆಯ ಜಿಡ್ಡು ತಾಗಿದ ಕುಂಚಕ್ಕೆ ರೇಕು ಅಂಟಿಕೊಂಡು ಮೇಲೇಳುತ್ತಿತ್ತು. ಅದು ಚೌಕಟ್ಟಿನ ಮೇಲೆ ಕೂರುವವರೆಗೆ ಅವನು ಉಸಿರು ಸಹ ಬಿಡುತ್ತಿರಲಿಲ್ಲ, ಬೈಯುವುದು ದೂರದ ಮಾತು. ಗಾಜಿನ ಜಾಡಿ ಒಡೆದದ್ದು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ಎಲ್ಲವನ್ನೂ ಅವಳು ಅಪ್ಪನಿಗೆ ಹೇಳಿದ್ದು ಅವನ ಕುಂಚದ ಮೇಲೆ ರೇಕು ಇರುವಾಗಲೇ.

ಈ ಸಲವೂ ರೇಕು ಮೇಲೇಳುವುದನ್ನೇ ಕಾದಿದ್ದು ಮೆಲ್ಲಗೆ ಹೇಳಿದಳು. "ಅಪ್ಪ, ಪ್ರದರ್ಶನದಲ್ಲಿ ಚಿನ್ನದ ಚೌಕಟ್ಟು ಬೇಡ ಅಂತ ಆಗಿದೆ. ಎಲ್ಲಾರ್ದೂ ಬರೀ ಮರದ ಪಟ್ಟಿ."

ರೇಕು ಕೂತಿತು. ಅವಳು ಬೈಗುಳಕ್ಕೆ ಕಾದಳು. ಅಪ್ಪ ಕುಂಚವನ್ನು ಕೆನ್ನೆಗೆ ಸವರಿ ಇನ್ನೊಂದು ರೇಕು ಎತ್ತಿದ. ಅದು ಕೂತ ಮೇಲೆ ಮತ್ತೊಂದು. ಬೆಳಗೆಲ್ಲ ಹಾಗೆಯೇ ಒಂದಾದ ಮೇಲೊಂದು ಎತ್ತುತ್ತ, ಬಾಯಿ ತೆರೆಯದೆ ಕಳೆದ. ತನ್ನ ಉಪಾಯ ತನಗೇ ತಿರುಗಿತೆಂದು ಅವಳಿಗೆ ಗೊತ್ತಾಯಿತು.

ಕಡೆಗೆ ಕುಂಚ ಕೆಳಗಿಟ್ಟು ಕೇಳಿದ. "ನೀನೂ ಕೈ ಎತ್ತಿದ್ಯಾ?"

"ಹೂಂ."

"ಎಲ್ಲಾರ ಜೊತೆಗೋ, ಎಲ್ಲಾರಿಗಿಂತ ಮೊದಲೋ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಮೊದಲು."

"ಸರಿ. ಹಾಗಾದ್ರೆ ಪಟ್ಟೀನೂ ನೀನೇ ಹೊಡ್ಕೋ," ಎಂದು ಅಪ್ಪ ಚೌಕಟ್ಟಿಗೆ ಗೋಣಿ ಸುತ್ತಿ ಗೋಡೆಗೆ ಒರಗಿಸಿದ.

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ಇವಳು ನೋಡಿದ್ರೆ ಅಪ್ಪನ ಚಿನ್ನಾನೇ ಬೇಡ ಅಂದ್ಳಲ್ಲಪ್ಪಾ!"

ಪಟ್ಟಿಯನ್ನು ಅವಳೇ ಹೊಡೆದಳು. ಹುಟ್ಟಿದಾಗಿನಿಂದ ನೋಡಿದ ಕೆಲಸ, ಆದರೆ ನೋಡಿದ್ದೆಲ್ಲ ಕೈಗೆ ಬರುತ್ತದೆಯೇ? ಮೂರು ಮೂಲೆ ಹೇಗೋ ಕೂಡಿದವು. ಎಡಗಡೆಯ ಕೆಳಗಿನ ಮೂಲೆ ಬೆರಳುಗುರು ತೂರುವಷ್ಟು ಬಾಯಿ ಬಿಟ್ಟಿತು. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಕಿಟಕಿಯ ಪಕ್ಕದ ಜಾಗ. ಒಳ್ಳೆಯ ಜಾಗ ಎಂದು ಎಲ್ಲರೂ ಹೊಟ್ಟೆಕಿಚ್ಚುಪಟ್ಟರು. ಅವಳಿಗೆ ಕಂಡದ್ದು ಮಾತ್ರ ಬೆಳಕೆಲ್ಲ ಆ ಹಾಳು ಮೂಲೆಯ ಮೇಲೆಯೇ ಬೀಳುವುದು.

ಪ್ರದರ್ಶನ ತೆರೆದ ದಿನ ಜನ ಬಂದರು. ನೋಡಲು ಬಂದವರು ಕೆಲವರು, ನಗಲು ಬಂದವರು ಬಹಳ. ಪತ್ರಿಕೆಯವನೊಬ್ಬ ಸುತ್ತು ಹಾಕಿ, "ಚಿತ್ರಾನೂ ಅರ್ಧ, ಚೌಕಟ್ಟೂ ಅರ್ಧ. ಬರಿಯಂಚಿನವರು!" ಎಂದು ಗೆಳೆಯನಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ಅದನ್ನೇ ಅಚ್ಚು ಹಾಕಿಸಿದ. ಗಡ್ಡದವನು ಆ ಹೆಸರನ್ನೇ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದ. ಮುಂದೆ ಬೇರೆ ಊರುಗಳ ಹುಡುಗರು ತಾವೂ ಬರಿಯಂಚಿನವರು ಎಂದು ಹೇಳಿಕೊಂಡರು, ಕಲಾಶಾಲೆಗಳಲ್ಲಿ ಅದೊಂದು ಪಾಠವೂ ಆಯಿತು. ಆದರೆ ಅದೆಲ್ಲ ಆಮೇಲಿನ ಮಾತು.

ಅವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ಅತ್ತೆಯ ಏದುಸಿರು ಕೇಳಿಸಿತು. ಹಿಂದೆಯೇ ಅಪ್ಪ, ಒಗೆದ ಅಂಗಿ ತೊಟ್ಟು ಬಂದಿದ್ದ. ಕಂಕುಳಲ್ಲಿ ಗೋಣಿ ಸುತ್ತಿದ ಚೌಕಟ್ಟು. ಗಡ್ಡದವನು ಹುಬ್ಬು ಗಂಟಿಕ್ಕಿ ಅವಳ ಕಡೆ ನೋಡಿದ. ಸುಮ್ಮನಿರು ಎಂದು ಅವಳು ಕಣ್ಣಲ್ಲೇ ಬೇಡಿಕೊಂಡಳು.

ಅಪ್ಪ ಗೋಡೆಗುಂಟ ನಡೆದ. ಪ್ರತಿ ಚಿತ್ರದ ಮುಂದೆ ನಿಂತು ಮೇಲಿನಂಚು, ಕೆಳಗಿನಂಚು, ನಾಲ್ಕು ಮೂಲೆ ನೋಡಿ 'ತ್ಚು' ಎನ್ನುತ್ತ ಮುಂದೆ ಸಾಗಿದ. ಆ ತ್ಚು ಒಂದೊಂದೇ ಚಿತ್ರ ಹತ್ತಿರವಾಗುತ್ತ ಬಂತು. ಕೊನೆಗೆ ಅವಳ ಚಿತ್ರದ ಮುಂದೆ ಬಂದು ನಿಂತ.

ಚಿತ್ರದಲ್ಲಿ ಮುಚ್ಚಿದ ಕಿಟಕಿ, ಅದರ ಗಾಜಿನಿಂದ ಬರುವ ಬೆಳಗಿನ ಬೆಳಕು, ಮುದುಕನೊಬ್ಬನ ಬಾಗಿದ ಬೆನ್ನು. ಮುಖ ತಿರುಗಿದೆ. ಕಾಣುವುದು ಒಂದು ಕೆನ್ನೆ ಮಾತ್ರ, ಕೆನ್ನೆಗೆ ಸವರುತ್ತಿರುವ ಕುಂಚ. ಬಣ್ಣ ಅಲ್ಲಲ್ಲಿ ಒರಟಾಗಿ, ಕುಂಚದ ಗೆರೆಗಳೂ ಕಾಣುವ ಹಾಗೆ ಕೂತಿತ್ತು.

"ಮುಖಾನೇ ಬರೆದಿಲ್ವಲ್ರೀ," ಎಂದು ಪಕ್ಕದಲ್ಲಿದ್ದವರು ನಕ್ಕರು. ಅಪ್ಪ ಅಲುಗಲಿಲ್ಲ. ಮೂಲೆ ನೋಡಿರಬೇಕು, ಈಗ ಹೇಳುತ್ತಾನೆ, ಎಲ್ಲರ ಮುಂದೆ ಹೇಳುತ್ತಾನೆ ಎಂದು ಅವಳು ಕಾದಳು. ಅವನ ತ್ಚು ಕೂಡ ಬರಲಿಲ್ಲ. ಬಹಳ ಹೊತ್ತು ನಿಂತಿದ್ದು, ಮೆಟ್ಟಿಲು ಇಳಿದು ಹೊರಟುಹೋದ. ಅತ್ತೆ ಅವಳ ಭುಜ ಮುಟ್ಟಿ ಅವನ ಹಿಂದೆ ಓಡಿದಳು. ಅಪ್ಪ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಬಾಗಿಲು ಹಾಕುವ ಹೊತ್ತಿಗೆ ಕಿಟಕಿಯ ಕೆಳಗೆ ಗೋಣಿ ಸುತ್ತಿದ ಚೌಕಟ್ಟು ಒರಗಿಕೊಂಡಿದ್ದು ಕಂಡಿತು. ಬೇಕೆಂದೇ ಬಿಟ್ಟುಹೋದನೋ ಏನೋ ಎಂದುಕೊಂಡು ಅದನ್ನು ಹೊತ್ತು ಮನೆಗೆ ನಡೆದಳು.

ಅಪ್ಪ ಮನೆ ಮುಂದಿನ ತನ್ನ ಅಂಗಡಿಯಲ್ಲಿ ಕೆಲಸವಿಲ್ಲದೆ ಕೂತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಟವೆಲ್ಲು ಮಡಿಸುತ್ತಿದ್ದಳು.

"ಇದನ್ನ ಅಲ್ಲೇ ಬಿಟ್ಟು ಬಂದಿದ್ದೀಯ," ಎಂದಳು ಅವಳು.

ಅಪ್ಪ ಗೋಣಿ ನೋಡಿ, ತನ್ನ ಕಂಕುಳು ನೋಡಿಕೊಂಡ. "ಅಯ್ಯೋ, ಹೌದಲ್ಲ. ತಗೊಂಡು ಹೋಗಿದ್ದೆ."

"ಅಪ್ಪ, ಬೈಯೋದಿದ್ರೆ ಬೈದುಬಿಡು. ಹೀಗೆ ಸುಮ್ಮನಿರಬೇಡ."

"ಯಾಕೆ ಬೈಯ್ಲಿ?"

"ಆ ಎಡಗಡೆ ಮೂಲೆಗೆ. ಅಷ್ಟಗಲ ಬಾಯಿ ಬಿಟ್ಕೊಂಡಿದೆಯಲ್ಲ! ನಾನೇ ಹೊಡೆದದ್ದು, ಕೂಡಲಿಲ್ಲ."

ಅಪ್ಪ ಮುಖ ಎತ್ತಿ ಅವಳನ್ನೇ ನೋಡಿದ.

"ಯಾವ ಮೂಲೆ?" ಎಂದ.

ಅತ್ತೆ ಮಡಿಸುತ್ತಿದ್ದ ಟವೆಲ್ಲು ಅರ್ಧಕ್ಕೇ ನಿಂತಿತು. ಅಪ್ಪ ಕಿಟಕಿಯ ಕಡೆ ತಿರುಗಿದ. ಅವನ ಬಲಗೈ ತಾನಾಗಿಯೇ ಮೇಲೆದ್ದು, ಕುಂಚವಿಲ್ಲದೆಯೇ, ಕೆನ್ನೆಯನ್ನು ಒಮ್ಮೆ ಸವರಿತು.