ಆಡಳಿತ ಸಭೆಯ ತೇಗದ ಮೇಜು

ನಾನು ಒಂದು ತೇಗದ ಮೇಜು. ಹುಬ್ಬಳ್ಳಿಯ ಬಡಿಗ ಮೌನೇಶಪ್ಪ ನನ್ನನ್ನು ಇಪ್ಪತ್ತೆರಡು ದಿನ ಉಜ್ಜಿ, ಪಾಲಿಶ್ ಹೊಡೆದು, ಬೆಳಗಾವಿಯ ಪಂಪ್ ಕಾರ್ಖಾನೆಯೊಂದಕ್ಕೆ ಕಳಿಸಿಕೊಟ್ಟ. ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಕಾಲು ಬಿಚ್ಚಿ ಒಳಗೆ ತಂದರು. ಸುತ್ತ ಹನ್ನೆರಡು ಕುರ್ಚಿ ಹಾಕಿದರು. ದೊಡ್ಡವರ ಸಭೆಗಳೆಲ್ಲ ಅಲ್ಲೇ.

ಹದಿನೆಂಟು ವರ್ಷ ನನ್ನ ಕೆಳಗೆ ನಾನು ಕಂಡದ್ದು ಗಂಡಸರ ಬೂಟುಗಳನ್ನೇ. ಹೆಂಗಸರು ಬರುತ್ತಿದ್ದರು; ನಿಂತೇ ವರದಿ ಒಪ್ಪಿಸಿ ಹೋಗುತ್ತಿದ್ದರು.

ಆಮೇಲೆ ಶಶಿಕಲಾ ಅಂಗಡಿ ಎಂಬವರು ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಮೊದಲ ದಿನವೇ ಚಪ್ಪಲಿ ಕಳಚಿ, ಪಾದಗಳನ್ನು ನನ್ನ ಅಡ್ಡಪಟ್ಟಿಯ ಮೇಲಿಟ್ಟು ಕೂತರು. ನನಗೆ ಹಿತವೆನಿಸಿತು.

ಆ ವರ್ಷ ಉತ್ಪಾದನಾ ಮುಖ್ಯಸ್ಥರು ನಿವೃತ್ತರಾದರು. ಆ ಜಾಗಕ್ಕೆ ಮೂವರ ಪಟ್ಟಿ ನನ್ನ ಮೇಲೆ ಬಂತು. ಮೂವರೂ ಗಂಡಸರು.

"ಗಂಗಾಂಬಿಕಾ ಮುಗಳಿ ಅವರ ಹೆಸರು ಯಾಕಿಲ್ರಿ ಸರ್? ಹನ್ನೊಂದು ವರ್ಷದಿಂದ ಜೋಡಣೆ ವಿಭಾಗ ನಡಸ್ಯಾರ" ಎಂದರು ಶಶಿಕಲಾ.

ಆಡಳಿತ ನಿರ್ದೇಶಕ ಇನಾಮದಾರರು ಹೇಳಿದರು: "ಕೆಲಸದಾಗ ಎರಡು ಮಾತಿಲ್ಲ. ಆದ್ರ ಮಕ್ಕಳು ಸಣ್ಣವು, ಮನಿಯಾಗ ಅತ್ತೆಯವ್ರಿಗೆ ಆರಾಮಿಲ್ಲ. ಈ ಜವಾಬ್ದಾರಿ ಬ್ಯಾಡ ಅಂತಾರ ಅವರು."

"ಬ್ಯಾಡ ಅಂತ ಅವರ ಬಾಯಿಂದ ಯಾರು ಕೇಳೀರಿ?"

ಯಾರೂ ಕೇಳಿರಲಿಲ್ಲ.

"ಹಂಗಾದ್ರ ಈ ಪಟ್ಟಿಗೆ ನಾ ಸಹಿ ಮಾಡಂಗಿಲ್ರಿ."

ದನಿ ಗಟ್ಟಿಯಾಗಿತ್ತು. ಹಲಗೆಯ ಕೆಳಗೆ ಮಾತ್ರ ಅವರ ಬೆರಳುಗಳು ನನ್ನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಕೆಲಸಕ್ಕೆ ಸೇರಿ ಒಂಬತ್ತೇ ತಿಂಗಳು. ಕೆಲಸವೇ ಹೋಗಬಹುದಿತ್ತು.

ಇನಾಮದಾರರು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಫೋನೆತ್ತಿ ಗಂಗಾಂಬಿಕಾರನ್ನು ಕರೆಸಿದರು. ಆಕೆ ಕೈಗೆ ಗ್ರೀಸ್ ಮೆತ್ತಿಕೊಂಡೇ ಬಂದು, ಯಾವತ್ತಿನಂತೆ ನಿಂತರು. ಶಶಿಕಲಾ ಪಕ್ಕದ ಕುರ್ಚಿ ಎಳೆದು, "ಕೂಡ್ರಿ" ಎಂದರು.

ಇನಾಮದಾರರು ವಿಷಯ ಹೇಳಿ, ಈ ಕೆಲಸ ಬೇಕೋ ಎಂದು ಕೇಳಿದರು. ಗಂಗಾಂಬಿಕಾ ಅವರ ಕಣ್ಣು ತುಂಬಿತು. "ಮನಿ ನಾನೂ ನಮ್ಮ ಯಜಮಾನ್ರೂ ಕೂಡಿ ನೋಡ್ಕೋತೀವ್ರಿ ಸರ್. ಹೋದ ಸಲ ಈ ಜಾಗ ಖಾಲಿ ಆದಾಗನೂ ನೀವು ಕರೀತೀರಂತ ಕಾದಿದ್ದೆ."

ಇನಾಮದಾರರು ತಲೆ ತಗ್ಗಿಸಿದರು. "ತಪ್ಪಾತವ್ವಾ" ಎಂದರು.

ನಾಲ್ವರ ಸಂದರ್ಶನವೂ ನನ್ನೆದುರೇ ನಡೆಯಿತು. ಹುದ್ದೆ ಗಂಗಾಂಬಿಕಾಗೆ ಸಿಕ್ಕಿತು. ಉಳಿದ ಮೂವರಲ್ಲಿ ಒಬ್ಬರು ಮುನಿಸಿಕೊಂಡು ಬೇರೆ ಕಂಪನಿ ಸೇರಿದರು. ಇಬ್ಬರು ಆಕೆಯ ಕೈಕೆಳಗೇ ದುಡಿದರು. ಅರ್ಹರನ್ನೆಲ್ಲ ಕೇಳದೆ ಯಾವ ಪಟ್ಟಿಯನ್ನೂ ಸಭೆಗೆ ತರಬಾರದೆಂದು ಶಶಿಕಲಾ ನಿಯಮ ಮಾಡಿಸಿದರು. ಆರು ವರ್ಷದಲ್ಲಿ ಐದು ಕುರ್ಚಿಗಳಲ್ಲಿ ಹೆಂಗಸರು ಕೂತರು. ಸಭೆಗಳಲ್ಲಿ ವಾದ ಹೆಚ್ಚಾಯಿತು, ಕೆಲಸವೂ ಚುರುಕಾಯಿತು.

ಈಗ ಅಲ್ಲಿ ಗಾಜಿನ ಮೇಜಿದೆ. ಶಶಿಕಲಾ ನಿವೃತ್ತರಾಗಿದ್ದಾರೆ. ನಾನು ತರಬೇತಿ ಕೋಣೆಯ ಮೂಲೆಯಲ್ಲಿದ್ದೇನೆ. ಪಾಲಿಶ್ ಹೋಗಿದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮೇಲೆ ಪಂಪಿನ ನಕ್ಷೆ ಹರಡಿ, ಗೆಳತಿಗೆ ಹೇಳಿದಳು: "ಒಂದಿನ ಈ ಕಾರ್ಖಾನಿ ನಾ ನಡಸ್ತೀನಿ ನೋಡು."

ಗೆಳತಿ ನಗಲಿಲ್ಲ. "ಆಗ ನಾನೂ ಅರ್ಜಿ ಹಾಕಾಕಿನ. ಪೈಪೋಟಿ ಐತಿ" ಎಂದಳು.

ನನ್ನ ಸುತ್ತ ಕೂತವರು ಎಷ್ಟೋ ದೊಡ್ಡ ಮಾತು ಆಡಿದ್ದಾರೆ. ಇಷ್ಟು ಸಲೀಸಾಗಿ ಆಡಿದ್ದನ್ನು ನಾನು ಕೇಳಿರಲಿಲ್ಲ.